ತಾಟು ತೊಳೆದ ನೀರು

೧೩೨೫ ಫಸಲಿ, ಅಜೂರ ೮, ಬುಧವಾರ. ಕಲಬುರ್ಗಿ

ಕಚೇರಿ. ನಿಜಾಮ ಸರಕಾರದ್ದು, ನಾನು ಬರೆಯುವ ತಿಂಗಳ ಹೆಸರೂ ಅಲ್ಲಿಯದೇ. ನಕಲು ಹನ್ನೊಂದು ಹಾಳೆ. ಯಾರೊಂದಿಗೂ ಮಾತಿಲ್ಲ. ಗಾಜಿಪುರದ ಮನೆಗೆ ಬಂದಾಗ ದೀಪ ಹಚ್ಚಿದ್ದರು. ಒಂದು ರೊಟ್ಟಿ ಹಾಕಿಸಿಕೊಂಡು ಅರ್ಧ ಬಿಟ್ಟೆ. ಅಕ್ಕ ಶಂಕ್ರಮ್ಮ ತಾಟಿನ ಕಡೆ ನೋಡಿದಳು, ಎತ್ತಿಕೊಂಡು ಹೋದಳು.

ಅವ್ವ ಕಲಿಸಿದ್ದು ಬೇರೆ. ಉಂಡದ್ದು ಪ್ರಸಾದ. ಚೂರು ಬಿಡಬಾರದು. ಕೊನೆಗೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಮಾಘದಲ್ಲಿ ಹೆಂಡತಿ ಲಲಿತಾ ತೀರಿಕೊಂಡಳು. ಅಂದಿನಿಂದ ಕುಡಿದಿಲ್ಲ. ಎಂಟು ತಿಂಗಳು.

ದಸರೆಗೆ ರಜಾ ಇದೆ. ಕಚೇರಿಯ ಜವಾನ ನಬಿಸಾಬ್ ತನ್ನ ಊರು ಕಮಲಾಪುರಕ್ಕೆ ಕರೆಯುತ್ತಿದ್ದಾನೆ. ಅಲ್ಲಿ ಹಳ್ಳದ ನಡುಗಡ್ಡೆಯಲ್ಲಿ ಒಂದು ಖಾನಾವಳಿ ಇದೆಯಂತೆ. ಗುಂಡಮ್ಮ ಅಂತ, ನಿಮ್ಮವರೇ, ಲಿಂಗವಂತರು, ಒಮ್ಮೆ ಉಂಡು ನೋಡಿರಿ ಎಂದ. ನನಗೆ ಊಟದ ಮಾತೇ ಬೇಡ. ಅಕ್ಕ ಮಾತ್ರ ಈಗಲೇ ಬುತ್ತಿಯ ಅರಿವೆ ಒಗೆದು ಹಾಕಿದ್ದಾಳೆ.

ಅಜೂರ ೧೪, ಮಂಗಳವಾರ. ಕಮಲಾಪುರ

ಉಂಡೆ. ಬರೆಯಲು ನಾಚಿಕೆ ಆಗುವಷ್ಟು ಉಂಡೆ.

ಊರ ಹೊರಗೆ ಹಳ್ಳ ಎರಡು ಸೀಳಾಗಿ ಮುಂದೆ ಮತ್ತೆ ಕೂಡುತ್ತದೆ. ನಡುವೆ ಗಡ್ಡೆ. ಗಡ್ಡೆಯ ತುಂಬ ಕೆಂಪು ಬಾಳೆ. ದಂಡೆಯಲ್ಲಿ ನಿಂತರೆ ಎಲೆ ಬಿಟ್ಟು ಬೇರೇನೂ ಕಾಣುವುದಿಲ್ಲ, ಮೇಲೆ ಒಂದಿಷ್ಟು ಹೊಗೆ ಮಾತ್ರ. ಹರಗೋಲಿನಲ್ಲಿ ಕೂತು, ಆ ದಂಡೆಯಿಂದ ಈ ದಂಡೆಗೆ ಕಟ್ಟಿದ ಹಗ್ಗ ಹಿಡಿದು ಎಳೆದುಕೊಂಡು ದಾಟಬೇಕು.

ಒಳಗೆ ಒಂದು ಚಪ್ಪರ, ಒಂದು ಒಲೆ, ಹತ್ತು ತಾಟು. ಬಂಡಿ ಹೊಡೆಯುವವರು ನಾಲ್ವರು ಕೂತಿದ್ದರು. ಯಾರ ಜಾತಿ ಯಾವುದೋ, ಎಲ್ಲರೂ ಒಂದೇ ಸಾಲು. ಗುಂಡಮ್ಮ ಬಡಿಸಿದಳು. ಐವತ್ತರ ಹೆಂಗಸು, ಮಹಾಗಾಂವದವಳು, ಗಂಡನಿಲ್ಲ, ಹಣೆಯಲ್ಲಿ ವಿಭೂತಿ. ಪುಂಡಿಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ. ಪಲ್ಯ ಲಲಿತಾ ಮಾಡುವಂಥದ್ದಲ್ಲ, ಹುಳಿ ಹೆಚ್ಚು. ಅದೇ ಒಳ್ಳೆಯದಾಯಿತು. ಅವಳ ಕೈಯಂತೆ ಇದ್ದಿದ್ದರೆ ಎದ್ದುಬಿಡುತ್ತಿದ್ದೆ.

ತಟ್ಟಿಯ ಹಿಂದೆ ರೊಟ್ಟಿ ಬಡಿಯುವ ಸಪ್ಪಳ. ಎರಡನೆಯ ರೊಟ್ಟಿ ಮುಗಿಯುವಾಗ ಬಡಿಯುವವಳೇ ಬಿಸಿ ರೊಟ್ಟಿ ಹಿಡಿದು ಹೊರಗೆ ಬಂದಳು. ಕೈಯೆಲ್ಲ ಹಿಟ್ಟು.

"ಭಾಯಿ, ಈ ಸರಕಾರಿ ಹೊಟ್ಟಿಗೆ ಇನ್ನ ಎಷ್ಟು ಬೇಕು ಕೇಳು. ಹಿಟ್ಟು ನಾದೂದು ಐತಿ."

ನಬಿಸಾಬನ ತಂಗಿ, ಇಮಾಮಬಿ. ನಾನು ತಿಂದ ರೊಟ್ಟಿ ಅವಳದು. ಕೈ ನಿಂತಿತು. ನಬಿಸಾಬ್ ಬಾಳೆಗೊನೆ ನೋಡುತ್ತ ಕೂತ. ಗುಂಡಮ್ಮ ನನ್ನನ್ನೇ ನೋಡುತ್ತಿದ್ದಳು.

ಹಸಿವೆ ಇತ್ತು. ಮುರಿದು ತಿಂದೆ. ಮತ್ತೊಂದು ಕೇಳಿದೆ. ಕೊನೆಗೆ ಏನು ಅನ್ನಿಸಿತೋ... ತಾಟಿಗೆ ನೀರು ಹಾಕಿ, ತೊಳೆದು, ಕುಡಿದೆ.

ಏಳುವಾಗ ಗುಂಡಮ್ಮ ಹತ್ತಿರ ಬಂದು ಮೆಲ್ಲಗೆ ಅಂದಳು: "ಬರ್ರಿ, ಉಣ್ರಿ. ನಿಮ್ಮ ಊರಾಗ ಮಾತ್ರ ಹೇಳಬ್ಯಾಡ್ರಿ."

ಇಲ್ಲ ಎಂದೆ.

ಅಜೂರ ೧೫

ಇವತ್ತೂ ಹೋದೆ. ನಾಲ್ಕು ರೊಟ್ಟಿ. ಹೆಂಡತಿ ಸತ್ತವನಿಗೆ ಇಷ್ಟು ಹಸಿವೆ ಇರಬಾರದು.

ಅಜೂರ ೧೯. ಕಲಬುರ್ಗಿ

ಮನೆಯಲ್ಲಿಯೂ ತಾಟು ತೊಳೆದು ಕುಡಿದೆ. ಅಕ್ಕ ಒಳಗೆ ಹೋದಳು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಜೂರ ೨೪, ಶುಕ್ರವಾರ

ಕಚೇರಿಗೆ ಸೂಟಿ. ಲಲಿತಾಳ ಕಾಕಾ ಜಗದೇವಪ್ಪನವರ ಮನೆಗೆ ಹೋಗಿದ್ದೆ. ತೊಗರಿ ವ್ಯಾಪಾರದವರು, ಕಟ್ಟೆಯ ಮೇಲೆ ಯಾವಾಗಲೂ ಹತ್ತು ಜನ. ಎಂಟು ತಿಂಗಳಿಂದ ನಾನು ಹೋದರೆ ಆ ಕಟ್ಟೆಯ ಮೇಲೆ ಮಾತು ನಿಲ್ಲುತ್ತದೆ. ಇವತ್ತು ಯಾರೋ ಮೈ ತುಂಬಿಕೊಂಡಿದ್ದೀಯಲ್ಲ ಎಂದರು.

ಹೇಳಿಬಿಟ್ಟೆ. ಬಾಳೆ, ಹರಗೋಲು, ಹುಳಿ ಪಲ್ಯ, ಹಾಳೆಯಂಥ ರೊಟ್ಟಿ. ಎಲ್ಲರೂ ಕೇಳಿದರು, ನಕ್ಕರು. ಕೇಳುತ್ತಿದ್ದಾರೆಂದು ಇನ್ನಷ್ಟು ಹೇಳಿದೆ. ಇಮಾಮಬಿಯ ಹೆಸರು ಮಾತ್ರ ಬಿಟ್ಟೆ.

"ನಮ್ಮ ಅಳಿಯ ಬಾಯಿ ಬಿಟ್ಟಾನ ಅಂದ್ರ ಊಟ ಭಾರಿನ ಇರಬೇಕು," ಎಂದರು ಜಗದೇವಪ್ಪ. ಆ ಬಾಳೆತೋಟ ಅವರ ಬೀಗರದೇ ಅಂತೆ. ದೀಪಾವಳಿಗೆ ಬಂಡಿ ಕಟ್ಟಿಸಿಕೊಂಡು ಎಲ್ಲರೂ ಹೋಗೋಣ ಎಂದರು.

ಬೇಡ ಎನ್ನಬಹುದಿತ್ತು.

ಅಜೂರ ೨೭

ನಬಿಸಾಬನನ್ನು ಕಚೇರಿಯ ಹಿಂದೆ ಕರೆದೆ. ಆ ಒಂದು ದಿನ ಇಮಾಮಬಿ ಒಲೆಯ ಹತ್ತಿರ ಇಲ್ಲದಿದ್ದರೆ ಒಳ್ಳೆಯದು, ಗುಂಡಮ್ಮನಿಗೆ ತಿಳಿಸು ಎಂದೆ. ಅವನ ತಂಗಿಯ ವಿಷಯ ಅವನಿಗೇ ಹೇಳಿದೆ. ಅವನು ತಲೆಯ ಪೇಟಾ ಸರಿ ಮಾಡಿಕೊಂಡ. ಆಗಲಿ ಎಂದ.

ದೈ ೩, ಭಾನುವಾರ. ಕಮಲಾಪುರ

ಇವತ್ತು ಬರೆಯಲಾರೆ.

ದೈ ೬. ಕಲಬುರ್ಗಿ

ಬರೆಯುತ್ತೇನೆ. ಇನ್ನಾರಿಗೂ ಹೇಳಲಾಗದು.

ಒಂಬತ್ತು ಜನ ಹೋಗಿದ್ದೆವು. ನಾನೇ ಮುಂದೆ, ಹಗ್ಗ ಎಳೆದವನೂ ನಾನೇ. ಸಾಲಾಗಿ ಕೂತೆವು. ಗುಂಡಮ್ಮ ನನಗೆ ಮೊದಲು ಬಡಿಸಿದಳು, ಮನೆಯವನಿಗೆ ಬಡಿಸಿದಂತೆ. ಎಲ್ಲರೂ ಪಲ್ಯ ಹೊಗಳಿದರು. ಅಷ್ಟರಲ್ಲಿ ತಟ್ಟಿಯ ಹಿಂದೆ ರೊಟ್ಟಿ ಬಡಿಯುವ ಸಪ್ಪಳ. ಗುಂಡಮ್ಮ ಇಲ್ಲಿ ನಿಂತಿದ್ದಾಳೆ. ಅಲ್ಲಿ ಬಡಿಯುವವರು ಯಾರು? ಎರಡನೆಯ ರೊಟ್ಟಿಗೆ ಇಮಾಮಬಿಯೇ ಹೊರಗೆ ಬಂದಳು. ನನ್ನನ್ನು ನೋಡಿ ನಕ್ಕಳು.

ಜಗದೇವಪ್ಪನವರ ಕೈ ತಾಟಿನ ಮೇಲೆ ನಿಂತಿತು.

"ಯಾರ ಕೈ ರೊಟ್ಟಿ ಇದು?"

"ಈಕಿದು ರೀ," ಎಂದಳು ಗುಂಡಮ್ಮ. "ಮೂರು ವರ್ಷದಿಂದ ಈಕಿನ ಬಡೀತಾಳ."

ಎಲ್ಲರೂ ಎದ್ದರು. ಒಬ್ಬರು ಹಳ್ಳಕ್ಕೆ ಓಡಿ ಬಾಯಿ ಮುಕ್ಕಳಿಸಿದರು. ವಿಭೂತಿ ಹಚ್ಚಿಕೊಂಡು ಮೋಸ ಮಾಡುತ್ತೀಯಾ ಎಂದು ಗುಂಡಮ್ಮನನ್ನು ಬೈದರು. ಆಮೇಲೆ ಜಗದೇವಪ್ಪನವರು ನನ್ನ ಕಡೆ ತಿರುಗಿದರು.

"ಅಣವೀರಪ್ಪ, ನಿನಗ ಗೊತ್ತಿತ್ತೇನು?"

"ಇಲ್ಲರಿ ಕಾಕಾ."

ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ.

ಗುಂಡಮ್ಮ ನನ್ನನ್ನು ನೋಡಿದಳು. ತಾಟು ತೊಳೆದು ಕುಡಿದ ದಿನ ನೋಡಿದ ಹಾಗೆಯೇ. ಆಮೇಲೆ ಅವರಿಗೆ ಅಂದಳು:

"ಅವರಿಗೆ ಗೊತ್ತಿರಲಿಲ್ಲರಿ. ನಾವ ಹೇಳಿರಲಿಲ್ಲ."

ಇಮಾಮಬಿ ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ಅರಿವೆ ಮುಚ್ಚಿದಳು.

ದೈ ೯

ನಬಿಸಾಬ್ ಎಂದಿನಂತೆ ಸಲಾಂ ಮಾಡುತ್ತಾನೆ. ಅದೇ ಕಷ್ಟ. ಇವತ್ತು ಕೇಳಿದೆ, ನಾನು ಹೇಳಿದ್ದನ್ನು ಅಲ್ಲಿ ಹೇಳಿದ್ದೆಯೋ ಇಲ್ಲವೋ ಎಂದು. ಇಲ್ಲ ಅಂದರೆ ತಪ್ಪು ಅವನದಾಗುತ್ತಿತ್ತು.

"ಹೇಳೀನ್ರಿ. ನನ್ನ ತಂಗಿ ಮನ್ಯಾಗ ಇರ್ತೀನಿ ಅಂದಳು. ಗುಂಡಮ್ಮ ಬಿಡಲಿಲ್ಲ. ಅವರು ತಾಟು ತೊಳದು ಕುಡದಾರ, ಅವರು ಇರೂಮುಂದ ಏನ್ ಅಂಜಿಕಿ ಅಂದಳು."

ಕಡತ ಎತ್ತಿಕೊಂಡು ಹೋದ.

ಬಹಮನ್ ೧೧

ತಿಂಗಳ ಮೇಲಾಯಿತು, ಬರೆದಿಲ್ಲ. ಬರೆಯಲು ಇರಲಿಲ್ಲ ಎಂದಲ್ಲ.

ಜಗದೇವಪ್ಪನವರು ಕಟ್ಟೆಯ ಮೇಲೆ ಬಂದವರಿಗೆಲ್ಲ ಹೇಳುತ್ತಾರೆ. ನಮ್ಮ ಅಳಿಯ ಪಾಪದವನು, ದುಃಖದಲ್ಲಿದ್ದವನಿಗೆ ಆ ಹೆಂಗಸರು ಮೋಸದಿಂದ ಉಣ್ಣಿಸಿದರು ಎಂದು. ನಾನು ಅಲ್ಲೇ ಕೂತಿರುತ್ತೇನೆ. ಕೇಳಿದವರು ನನ್ನ ಬೆನ್ನು ಸವರುತ್ತಾರೆ. ತೋಟದ ಬೀಗರಿಗೂ ಹೇಳಿಕಳಿಸಿದ್ದಾರೆ. ಶಿವರಾತ್ರಿಯೊಳಗೆ ಆ ಇಬ್ಬರೂ ಗಡ್ಡೆ ಬಿಡಬೇಕಂತೆ. ಮೋಸಗಾರರಿಗೆ ಅಲ್ಲಿ ಜಾಗ ಇಲ್ಲವಂತೆ.

ಮೋಸ ನಡೆದಿಲ್ಲ ಎಂದು ಹೇಳಬಲ್ಲವನು ನಾನೊಬ್ಬನೇ.

ತಾಟಿನಲ್ಲಿ ಮತ್ತೆ ಅರ್ಧ ಉಳಿಯುತ್ತಿದೆ. ಲಲಿತಾಳ ನೆನಪು ಎಂದುಕೊಂಡಿದ್ದಾಳೆ ಅಕ್ಕ. ಅಂದುಕೊಳ್ಳಲಿ ಎಂದು ಸುಮ್ಮನಿದ್ದೇನೆ. ಸತ್ತವಳ ಹಿಂದೆ ಅಡಗಿ ಕೂತಿದ್ದೇನೆ.

ಬಹಮನ್ ೨೧, ಶನಿವಾರ

ನಿನ್ನೆ ಹೋಗಿದ್ದೆ. ಅಕ್ಕನಿಗೆ ಕಚೇರಿ ಕೆಲಸ ಎಂದೆ. ದಾರಿಯಲ್ಲಿ ರುಮಾಲು ಮುಖದ ಮೇಲೆ ಎಳೆದುಕೊಂಡಿದ್ದೆ. ಹಳ್ಳ ಇಳಿದಿದೆ. ಮೊಣಕಾಲ ನೀರು, ನಡೆದೇ ದಾಟಿದೆ.

ಉಣ್ಣುವವರು ಯಾರೂ ಇರಲಿಲ್ಲ. ಗುಂಡಮ್ಮ ಏನೂ ಕೇಳದೆ ತಾಟು ಇಟ್ಟಳು. ಇಮಾಮಬಿ ರೊಟ್ಟಿ ಬಡಿದಳು, ಹೊರಗೆ ಬರಲಿಲ್ಲ. ತಪ್ಪಾಯಿತು ಎನ್ನಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅದನ್ನು ಹೇಳದೆ, ತಾಟು ತೊಳೆದು ಕುಡಿದರೆ ಅವರಿಗೇ ತಿಳಿಯುತ್ತದೆ ಎಂದುಕೊಂಡು ತಂಬಿಗೆಗೆ ಕೈ ಹಾಕಿದೆ. ಗುಂಡಮ್ಮ ತಾಟು ಹಿಡಿದಳು. ಸಿಟ್ಟು ಇರಲಿಲ್ಲ.

"ಬಿಡ್ರಿ. ನಾವ ತೊಳೀತೇವಿ."

ನಾನು ತಾಟಿನ ಅಂಚು ಬಿಡಲಿಲ್ಲ.

"ಇಲ್ಲಿ ಕುಡದು ಅಲ್ಲಿ ಉಗಳಬ್ಯಾಡ್ರಿ, ಅಣವೀರಪ್ಪನವರ."

ಬಿಟ್ಟೆ.

ಫರವರ್ದಿ ೯, ಶುಕ್ರವಾರ, ಮಧ್ಯಾಹ್ನ

ಲಲಿತಾ ಹೋಗಿ ಇಂದಿಗೆ ವರ್ಷ. ಅಕ್ಕ ನಸುಕಿನಿಂದ ಒಲೆಯ ಮುಂದೆ. ಹೋಳಿಗೆ, ಪುಂಡಿಪಲ್ಯ. ಪಲ್ಯ ಲಲಿತಾಳ ಪದ್ಧತಿಯಂತೆ, ಹುಳಿ ಕಡಿಮೆ. ಅಯ್ಯನವರ ಪಾದಪೂಜೆ ಆಯಿತು. ಜಗದೇವಪ್ಪನವರು, ಅವರ ಕಟ್ಟೆಯವರು ಎಲ್ಲ ಬಂದಿದ್ದಾರೆ. ಪಡಸಾಲೆಯಲ್ಲಿ ಎರಡು ಸಾಲು ತಾಟು. ನಬಿಸಾಬ್ ಕೆಂಪು ಬಾಳೆಯ ಗೊನೆ ಹೊತ್ತು ತಂದ. ಅವನನ್ನು ಹೊರಗೆ ಕೂಡಿಸಿದ್ದಾರೆ, ಬೇರೆ ಎಲೆ ಹಾಕುತ್ತಾರಂತೆ. ಶಿವರಾತ್ರಿಗೆ ಇನ್ನು ಮೂರು ವಾರವೂ ಇಲ್ಲ.

ನಿಜ ಹೇಳಿದರೆ ಏಳುತ್ತಾರೆ. ಅಲ್ಲಿ ಎದ್ದ ಹಾಗೆಯೇ ಇಲ್ಲಿಯೂ ಏಳುತ್ತಾರೆ. ಲಲಿತಾಳ ಹೆಸರಿನ ಊಟ ತಾಟಿನಲ್ಲೇ ಉಳಿಯುತ್ತದೆ. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಾಳೆ. ನಾಳೆ ಹೇಳಬಹುದು. ನಾಳೆ ನಾಳೆ ಎಂದು ಮೂರು ತಿಂಗಳಾಯಿತು.

ಅಕ್ಕ ಕರೆಯುತ್ತಿದ್ದಾಳೆ. ಎಲ್ಲರೂ ಕೂತರಂತೆ, ನಾನೊಬ್ಬನೇ ಬಾಕಿ. ಮೊದಲ ತುತ್ತಿಗೆ ಮುಂಚೆ ಹೇಳಬೇಕು. ಕಾಕಾ, ನನಗ ಗೊತ್ತಿತ್ತು. ಇಷ್ಟೇ ಮಾತು. ನಬಿಸಾಬನಿಗೂ ಕೇಳಬೇಕು, ಅಷ್ಟು ಗಟ್ಟಿಯಾಗಿ. ನಿಂತುಕೊಂಡೇ ಹೇಳಬೇಕು. ಕೂತರೆ...