ಮುಲಾಮು ಹಚ್ಚಿದ ಕೈ

ನೀರಿನ ಘಟಕದ ಕ್ವಾರ್ಟರ್ಸ್, ಮನೆ ಆರು
ಜೂನ್ ೧೨, ಬುಧವಾರ

ಪ್ರೀತಿಯ ಅಣ್ಣಾ,

ಕೆಮ್ಮು ಹೇಗಿದೆ? ಆ ದೂರದ ಪಂಪ್‌ಹೌಸಿನ ತೇವದ ಕೋಣೇಲಿ ಒಬ್ಬನೇ ಇದ್ದೀಯ. ಬಿಸಿನೀರು ಕುಡಿ ಅಂದರೆ ಹೂಂ ಅಂತ ತಲೆಯಾಡಿಸಿ ತಣ್ಣೀರೇ ಕುಡೀತೀಯ, ನನಗೆ ಗೊತ್ತಿಲ್ವಾ! ಅಮ್ಮ ಆರಾಮಾಗಿದ್ದಾಳೆ. ನಿನ್ನ ಸ್ವೆಟರಿನ ಒಂದು ತೋಳು ಮುಗಿಸಿ, ಇನ್ನೊಂದನ್ನ ಎರಡು ಸಲ ಬಿಚ್ಚಿದ್ದಾಳೆ.

ತೊಟ್ಟಿಯ ಎಂಟು ಕಪ್ಪೆಚಿಪ್ಪುಗಳೂ ಕ್ಷೇಮ. ಹೊಸಬರಿಗೆ ನಾನೂ ನಿನ್ನ ಮಾತಲ್ಲೇ ಹೇಳಿಕೊಡ್ತೀನಿ: ‘ಹೊಳೆನೀರನ್ನ ಊರಿಗಿಂತ ಮೊದಲು ಕುಡಿಯೋರು ಇವರು. ನೀರು ಕೆಟ್ಟರೆ ಬಾಯಿ ಮುಚ್ಚುತ್ತಾರೆ, ಬೆನ್ನಿಗಂಟಿಸಿದ ತಂತಿ ಗಂಟೆ ಬಾರಿಸುತ್ತೆ. ತೊಟ್ಟಿಗೆ ಬರಿಗೈ ಹಾಕಬೇಡಿ.’ ಆ ಕೊನೇ ಮಾತನ್ನ ಮಾತ್ರ ಬೇಗ ಬೇಗ ಹೇಳಿ ಮುಗಿಸ್ತೀನಿ.

ನಿನ್ನ ಹೋದ ವಾರದ ಕಾಗದ ಓದಿದಾಗಿನಿಂದ ಊಟ ಸೇರ್ತಿಲ್ಲ. ‘ಹದಿನೆಂಟು ವರ್ಷ ಅವುಗಳನ್ನ ನೋಡಿಯೂ ಅವತ್ತು ಮೋಸಹೋದೆ. ಇನ್ನು ನನ್ನ ಕಣ್ಣನ್ನ ನಾನೇ ನಂಬಲ್ಲ’ ಅಂತ ಬರೆದಿದ್ದೆ. ಅಣ್ಣಾ, ನಿನ್ನ ಕಣ್ಣು ಸರಿಯಾಗೇ ಇತ್ತು. ಅವತ್ತು ಬೆಳಿಗ್ಗೆ ನಾನು ಮಣಿಕಟ್ಟು ನೋಯ್ತಿದೆ ಅಂತ ನೋವಿನ ಮುಲಾಮು ತಿಕ್ಕಿಕೊಂಡಿದ್ದೆ. ಒಂದು ಚಿಪ್ಪಿನ ತಂತಿ ಸಡಿಲವಾಗಿತ್ತು. ಗ್ಲೌಸ್ ಹುಡುಕೋಕೆ ಸೋಮಾರಿತನ, ಹಾಗೇ ಕೈಯಿಟ್ಟು ಸರಿಮಾಡಿದೆ. ಮುಲಾಮು ನೀರಿಗೆ ಬೆರೆತು, ಹತ್ತು ನಿಮಿಷಕ್ಕೆ ಎಂಟೂ ಮುಚ್ಚಿಕೊಂಡವು. ನೀನು ಓಡಿಬಂದು, ಬಗ್ಗಿ ನೋಡಿ, ‘ಇವು ಸುಮ್ಮನೆ ಮುಚ್ಚಲ್ಲ’ ಅಂತ ದೊಡ್ಡ ವಾಲ್ವ್ ಬಂದ್ ಮಾಡಿಸಿದೆ. ಊರಿಗೆಲ್ಲ ಆರು ಗಂಟೆ ನೀರಿಲ್ಲ. ಆಸ್ಪತ್ರೇಲಿ ಆಪರೇಷನ್ ಮುಂದಕ್ಕೆ ಹೋದವು. ಲ್ಯಾಬಿನವರು ನೋಡಿದರೆ ಹೊಳೆನೀರು ಚೆನ್ನಾಗೇ ಇದೆ ಅಂದರು. ಇಂಜಿನಿಯರು ‘ಯಾರಾದರೂ ತೊಟ್ಟಿ ಮುಟ್ಟಿದ್ರಾ?’ ಅಂತ ಕೇಳಿದಾಗ ನೀನು ನನ್ನ ಕಡೆ ತಿರುಗಿಯೂ ನೋಡದೆ ‘ನನ್ನ ತಂಗಿ ಅಂಥವಳಲ್ಲ’ ಅಂದೆ. ನಾನು ನೆಲ ನೋಡ್ತಾ ನಿಂತೆ. ನಿನ್ನನ್ನ ಎತ್ತಂಗಡಿ ಮಾಡಿದರು. ಇಷ್ಟೇ ಅಲ್ಲ. ಕ್ಯಾಂಟೀನಿನಲ್ಲಿ ನಿನಗೆ ‘ಚಿಪ್ಪಣ್ಣ’ ಅಂತ ಹೆಸರಿಟ್ಟು ಎಲ್ಲರೂ ನಕ್ಕಾಗ, ನಗದಿದ್ದರೆ ನನ್ನ ಮೇಲೆ ಅನುಮಾನ ಬಂದೀತು ಅಂತ ನಾನೂ ನಕ್ಕೆ. ಕ್ಷಮಿಸು ಅಂತ ಯಾವ ಮುಖ ಇಟ್ಟುಕೊಂಡು ಕೇಳಲಿ?

ಅಮ್ಮ ನಿನಗೆ ಆಶೀರ್ವಾದ ತಿಳಿಸು ಅಂದಳು. ಮೈ ಕಡೆ ಗಮನ ಇರಲಿ.

ನಿನ್ನ ತಂಗಿ

ತಾ.ಕ.: ಇದನ್ನ ಅಂಚೆಗೆ ಹಾಕೋ ಮುಂಚೆ, ಎಲ್ಲಾ ಬರೆದು ಸಹಿಹಾಕಿ ಇಂಜಿನಿಯರ ಕೈಗೆ ಕೊಟ್ಟು ಬಂದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು. ಅಮ್ಮನಿಗೆ ಇನ್ನೂ ಹೇಳಿಲ್ಲ. ನಿನಗೆ ಅವರ ಫೋನ್ ಬರುತ್ತೆ. ನನ್ನ ಪರ ಒಂದು ಮಾತೂ ಆಡಬೇಡ, ಅಣ್ಣಾ.