ಪೋಣಿಸದೆ ಬಿಟ್ಟ ಮಣಿ

ನಮ್ಮ ಪಾಲಿನ ಕಾಲೇಜನ್ನು ನಮ್ಮಿಂದ ಕಿತ್ತುಕೊಂಡಿದ್ದಾರೆ. ಕಿತ್ತುಕೊಂಡವರು ಯಾರೂ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವ ಸಂಗತಿಗಳು ತೀರ ಸಾಧಾರಣವಾದವು. ಓದುತ್ತ ಓದುತ್ತ ಇದು ಅನ್ಯಾಯವೆಂಬುದೇ ನಿಮಗೆ ಮರೆತುಹೋಗಬಹುದು. ಇಲ್ಲಿ ಎಲ್ಲರಿಗೂ ಮರೆತುಹೋಗಿದೆ.

ಇವತ್ತು ಎರಡು ಸಾವಿರದ ನೂರ ಮೂವತ್ತೆಂಟನೆಯ ಇಸವಿಯ ಜೂನ್ ಮೂವತ್ತೊಂದು. ತಪ್ಪಿ ಬರೆದದ್ದಲ್ಲ. ಮಕ್ಕಳಿಗೆ ಪರೀಕ್ಷೆ ಮುಗಿಸಲು ಒಂದು ದಿನ ಸಾಲದೆ ಬರುತ್ತದೆಂದು ಡಿಸೆಂಬರಿನಿಂದ ಒಂದು ದಿನ ತೆಗೆದು ಜೂನಿಗೆ ಸೇರಿಸಿ ಬಹಳ ಕಾಲವಾಯಿತು. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮ ಕಾಲದ ಬರವಣಿಗೆಯನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ಕರಪತ್ರಗಳಿಂದ ಕಲಿತೆ. ನಮ್ಮ ಮನೆಯ ಹಿರಿಯರೊಬ್ಬರು ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಹಮಾಲರಾಗಿದ್ದರಂತೆ. ಸಭೆಗಳಲ್ಲಿ, ಮೆರವಣಿಗೆಗಳಲ್ಲಿ ಕೈಗೆ ಬಂದ ಹಾಳೆಯನ್ನೆಲ್ಲ ಅವರು ಟ್ರಂಕಿನಲ್ಲಿ ಇಟ್ಟರು. ಅವರ ಮಕ್ಕಳೂ ಹಾಗೆಯೇ ಮಾಡಿದರು. ಆ ಟ್ರಂಕು ಈಗ ನನ್ನದು. ಆದ್ದರಿಂದ ನಾನು ಬರೆದದ್ದು ಅಲ್ಲಲ್ಲಿ ಮೈಕಿನ ಮುಂದೆ ನಿಂತವರ ಮಾತಿನಂತೆ ಕೇಳಿಸಬಹುದು. ನನಗೆ ಬೇರೆ ರೀತಿ ಬರುವುದಿಲ್ಲ.

ನೀವು ಕ್ರೆಡಿಟ್ ಎಂದು ಕರೆಯುವುದನ್ನು ನಾವು ಮಣಿ ಎನ್ನುತ್ತೇವೆ. ಕಾಲೇಜಿನ ಒಂದು ಪಾಠ ಓದಿ ಪರೀಕ್ಷೆ ಕೊಟ್ಟರೆ ಒಂದು ಗಾಜಿನ ಮಣಿ ಸಿಗುತ್ತದೆ. ಗಣಿತಕ್ಕೆ ನೀಲಿ, ಭಾಷೆಗೆ ಹಸಿರು, ಇತಿಹಾಸಕ್ಕೆ ಕಂದು. ತಾಯಂದಿರು ಅವನ್ನು ದಾರಕ್ಕೆ ಪೋಣಿಸಿ ಮಕ್ಕಳ ಕೊರಳಿಗೆ ಹಾಕುತ್ತಾರೆ. ನಾವು ಆರನೇ ತರಗತಿಯಿಂದ ಮಣಿ ಕೂಡಿಸಲು ತೊಡಗುತ್ತೇವೆ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು, ನಸುಕಿನಲ್ಲಿಯೇ ಶಾಲೆ ನಡೆಯುತ್ತದೆ. ಮೊದಲ ಅರ್ಧ ನಮ್ಮ ವಯಸ್ಸಿನ ಪಾಠ, ಉಳಿದರ್ಧ ಕಾಲೇಜಿನ ಪಾಠ. ಊರ ಹೊರಗೆ ಗಾಜಿನ ಸೂರಿನ ಕೆಳಗೆ ಮೆಣಸಿನಕಾಯಿ ಒಣಗುತ್ತಿರುತ್ತದೆ. ಸುಗ್ಗಿಯ ದಿನಗಳಲ್ಲಿ ಇಡೀ ತರಗತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಮ್ಮುತ್ತ ಪರೀಕ್ಷೆ ಬರೆಯುತ್ತದೆ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಹೆಚ್ಚಿನವರ ಸರ ತುಂಬಿರುತ್ತದೆ. ಸರ ತುಂಬಿದರೆ ಪದವಿ ಮುಗಿದ ಹಾಗೆ. ಹೆಣ್ಣು ನೋಡಲು ಬಂದವರು ಮುಖ ನೋಡುವ ಮೊದಲು ಕೊರಳು ನೋಡುತ್ತಾರೆ.

ಇದೆಲ್ಲ ಆರಂಭವಾದ ಸುದ್ದಿ ನಿಮ್ಮ ಕಾಲದ ಒಂದು ಹಾಳೆಯಲ್ಲಿದೆ. ಹೈಸ್ಕೂಲಿನ ಮಕ್ಕಳು ಬಯಸಿದರೆ ಕಾಲೇಜಿನ ಕೆಲವು ಪಾಠಗಳನ್ನು ಮೊದಲೇ ಓದಿ ಕ್ರೆಡಿಟ್ ಗಳಿಸಬಹುದು, ಮುಂದೆ ಅವರಿಗೆ ಒಂದು ವರ್ಷ ಉಳಿಯುತ್ತದೆ, ಬಡವರ ಮನೆಗೆ ಒಂದು ವರ್ಷದ ಫೀಸು ಉಳಿಯುತ್ತದೆ ಎಂದು ಅದರಲ್ಲಿ ಬರೆದಿದ್ದಾರೆ. ಆ ಸಭೆಯಲ್ಲಿ ನಾನಿದ್ದರೆ ನಾನೂ ಕೈ ಎತ್ತುತ್ತಿದ್ದೆ. ಆ ಹಮಾಲರ ಮಗಳು ಹಾಗೆ ಒಂದು ವರ್ಷ ಉಳಿಸಿಕೊಂಡದ್ದರಿಂದಲೇ ನಮ್ಮ ವಂಶದಲ್ಲಿ ಮೊದಲ ಪದವಿ ಬಂತು. ಆದರೆ ಟ್ರಂಕಿನಲ್ಲಿರುವ ಮುಂದಿನ ಹಾಳೆಯಲ್ಲಿ 'ಬಯಸಿದರೆ' ಎಂಬ ಮಾತಿಲ್ಲ. ಅದರ ಮುಂದಿನದರಲ್ಲಿ 'ಕೆಲವು' ಎಂಬುದೂ ಇಲ್ಲ. ಯಾರೂ ಅವನ್ನು ತೆಗೆಯಬೇಕೆಂದು ಹಟ ಹಿಡಿದಂತೆ ಕಾಣುವುದಿಲ್ಲ. ಪಕ್ಕದ ಮನೆಯ ಮಗು ಎರಡು ಮಣಿ ಗಳಿಸಿದ್ದನ್ನು ನೋಡಿ ಈ ಮನೆಯವರು ಮೂರು ಮಣಿ ಕೇಳಿದರು, ಅಷ್ಟೆ.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಇತಿಹಾಸದ ಪಾಠದಲ್ಲಿ ಮೆಣಸಿನಕಾಯಿ ನಮ್ಮ ನೆಲದ್ದಲ್ಲ, ಸಮುದ್ರ ದಾಟಿ ಬಂದದ್ದು ಎಂದು ಬಂತು. ನಾನು ಎದ್ದು ನಿಂತೆ. ಅದು ಬರುವುದಕ್ಕಿಂತ ಮೊದಲು ನಮ್ಮ ಸೀಮೆಯವರು ಏನು ಬೆಳೆಯುತ್ತಿದ್ದರು, ಅದನ್ನು ಬಿಟ್ಟು ಇದನ್ನು ಬೆಳೆಯಿರಿ ಎಂದು ಅವರಿಗೆ ಯಾರು ಹೇಳಿದರು ಎಂದು ಕೇಳಿದೆ. ನಮ್ಮ ಕಡ್ಲಿ ಮೇಡಂ ಒಳ್ಳೆಯವರು. "ಚೊಲೋ ಪ್ರಶ್ನೆ ಐತೆವಾ," ಅಂದರು. "ಆದ್ರ ಅದು ಕಾಲೇಜಿನ್ಯಾಗ ಕೇಳೋ ಪ್ರಶ್ನೆ. ಈಗ ಕುಂದುರು, ಮಣಿ ಮುಗಸೂಣು." ನಾನು ಕುಳಿತೆ. ಕಂದು ಮಣಿ ಸಿಕ್ಕಿತು.

ನಾನು ಒಂಬತ್ತನೆಯ ತರಗತಿ ಮುಗಿಸಿದ ವರ್ಷ ನನ್ನ ಅಕ್ಕ ಈರವ್ವನ ಒಳಹೊರಗು ಬಂತು. ಸರ ತುಂಬಿದವರು ಕಾಲೇಜಿಗೆ ಹೋಗುವ ದಿನಕ್ಕೆ ನಾವು ಹಾಗೆನ್ನುತ್ತೇವೆ. ಜುಲೈ ತಿಂಗಳ ಎರಡನೇ ಸೋಮವಾರ ಬೆಳಗ್ಗೆ ಗುಡ್ಡದ ಕಾಲೇಜಿನ ಮುಂದಿನ ಗೇಟಿನಿಂದ ಒಳಗೆ ಹೋಗಬೇಕು. ಒಬ್ಬರು ಮಣಿ ಎಣಿಸುತ್ತಾರೆ, ಒಬ್ಬರು ಫೋಟೋ ತೆಗೆಯುತ್ತಾರೆ. ಊಟದ ಹೊತ್ತಿಗೆ ಪದವೀಧರರಾಗಿ ಹಿಂದಿನ ಗೇಟಿನಿಂದ ಹೊರಗೆ ಬರಬೇಕು. ಅಕ್ಕನಿಗೆ ಆಗ ಹದಿನಾರು. ಹೊಸ ಲಂಗ ದಾವಣಿ ಉಟ್ಟಿದ್ದಳು. ಒಳಗೆ ಉದ್ದನೆಯ ಪಡಸಾಲೆ, ಎರಡೂ ಕಡೆ ಬೀಗ ಹಾಕಿದ ಕೊಠಡಿಗಳು. ಒಂದರ ಕಿಟಕಿಯಿಂದ ಬೆಂಚುಗಳು ಕಾಣುತ್ತಿದ್ದವು. ಅಕ್ಕ ಕಾವಲಿನವರನ್ನು ಎಲ್ಲಿ ಕೂಡಬೇಕೆಂದು ಕೇಳಿದಳು. ಅವರು ನಕ್ಕರು. "ಕುಂದರಾಕ ಏನೈತೆ ಯವ್ವಾ ಇಲ್ಲಿ? ನೀ ಕಲತು ಮುಗಿಸೀದಿ. ನಡಿ, ಹಿಂದ ಮಂದಿ ನಿಂತಾರ."

ನಾನೂ ಜೊತೆಗಿದ್ದೆ. ಮಣಿ ಎಣಿಸುತ್ತಿದ್ದವರು ಸೋಮನಕಟ್ಟಿ ಸರ್, ಆ ಕಾಲೇಜಿನ ಒಬ್ಬರೇ ಅಧ್ಯಾಪಕರು. ನಾನು ಅವರಿಗೆ ಮೆಣಸಿನಕಾಯಿಯ ಪ್ರಶ್ನೆ ಕೇಳಿದೆ. ಅವರು ನನ್ನ ಕೊರಳಿನ ಕಂದು ಮಣಿಯನ್ನು ಬೆರಳಿನಿಂದ ಎತ್ತಿ ನೋಡಿದರು. "ಈ ಪಾಠ ನಿಂದು ಹೈಸ್ಕೂಲಿನ್ಯಾಗ ಮುಗದೈತಲ್ಲ ತಂಗಿ," ಅಂದರು. ಮರುದಿನ ಅಕ್ಕ ಗಾಜಿನ ಸೂರಿನ ಕೆಳಗೆ ಕಾಯಿ ಆರಿಸುವ ಯಂತ್ರದ ಮುಂದೆ ಕೆಲಸಕ್ಕೆ ನಿಂತಳು. ಪದವೀಧರರ ಕೆಲಸ, ಕೂತು ಮಾಡುವಂತಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಕಾಲೇಜು ಹೇಗಿತ್ತೆಂದು ಅವ್ವ ಕೇಳಿದಳು. "ತಂಪಿತ್ತು," ಅಂದಳು ಅಕ್ಕ.

ಅವತ್ತಿನಿಂದ ನನಗೆ ಸಿಟ್ಟು ಬರಬೇಕಾಗಿತ್ತು. ಟ್ರಂಕಿನಲ್ಲಿರುವ ಹಾಳೆಗಳಲ್ಲಿ ಎಲ್ಲರಿಗೂ ಸಿಟ್ಟಿದೆ. ನನಗೆ ಬಂದದ್ದು ಒಂದು ಬಗೆಯ ಜೋಮು. ಕಾಲು ಮಡಚಿ ಬಹಳ ಹೊತ್ತು ಕುಳಿತಾಗ ಹಿಡಿಯುತ್ತದಲ್ಲ, ಅಂಥದು. ಆದರೂ ಟ್ರಂಕಿನ ಹಾಳೆ ಓದುವುದನ್ನು ನಿಲ್ಲಿಸಲಿಲ್ಲ. ಆ ಹಾಳೆಗಳಿಂದ ನಾನು ತಿಳಿದ ಮುಖ್ಯ ಸಂಗತಿ ಇದು: ನಿಮ್ಮ ಕಾಲದಲ್ಲಿ ಹದಿನೆಂಟು ವರ್ಷದವರು ಒಂದು ಕೊಠಡಿಯಲ್ಲಿ ಕುಳಿತು, ಅಂಕಕ್ಕೆ ಸಂಬಂಧವಿಲ್ಲದ ಪ್ರಶ್ನೆ ಕೇಳಿ, ಉತ್ತರ ಸರಿಯಿಲ್ಲವೆಂದು ಜಗಳವಾಡಿ, ಆಮೇಲೆ ಚಹಾದಂಗಡಿಯಲ್ಲಿ ಅದೇ ಜಗಳ ಮುಂದುವರಿಸುತ್ತಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಆ ಪಾಠವನ್ನು ಬಾಯಿಪಾಠ ಮಾಡಬಹುದು, ಜಗಳವಾಡಲು ಬರುವುದಿಲ್ಲ. ಪಾಠದ ಎದುರಿಗೆ ಇಟ್ಟು ವಾದಿಸಲು ನಮಗಿನ್ನೂ ಏನೂ ಗೊತ್ತಿರುವುದಿಲ್ಲ. ನಾವು ಕಾಲೇಜನ್ನು ಬೇಗ ಮುಗಿಸಿದೆವೆಂದು ನೀವು ತಿಳಿಯಬೇಡಿ. ನಾವು ಅದನ್ನು ಆರಂಭಿಸಲೇ ಇಲ್ಲ.

ಕಾಲೇಜಿನ ನಿಯಮಗಳಲ್ಲಿ ಯಾರೂ ಅಳಿಸದೆ ಬಿಟ್ಟ ಒಂದು ಹಳೆಯ ನಿಯಮವಿದೆ. ಸರ ತುಂಬದೆ ಬಂದವರನ್ನು ಕೊರತೆಯವರು ಎನ್ನುತ್ತಾರೆ. ಒಂದೇ ವಿಷಯದಲ್ಲಿ ಏಳು ಮಂದಿ ಕೊರತೆಯವರು ಬಂದರೆ ಕಾಲೇಜು ಕೊಠಡಿ ತೆರೆದು ಒಂದು ವರ್ಷ ಆ ವಿಷಯದ ಪಾಠ ನಡೆಸಲೇಬೇಕು. ಏಳು ಆಗದಿದ್ದರೆ ಪಾಠವಿಲ್ಲ. ಕೊರತೆಯವರು ಒಂದು ವರ್ಷ ಕೆಲಸವಿಲ್ಲದೆ, ಪದವಿಯಿಲ್ಲದೆ ಕಾದು ಮತ್ತೆ ಪರೀಕ್ಷೆಗೆ ಕೂಡಬೇಕು. ಇತಿಹಾಸದ ಕೊನೆಯ ಮಣಿಯನ್ನು ಬೇಕೆಂದೇ ಬಿಡುವವರನ್ನು ನಾನು ಒಂದು ವರ್ಷ ಹುಡುಕಿದೆ. ನನ್ನನ್ನು ಸೇರಿಸಿ ಏಳು ಮಂದಿಯಾದೆವು. ಏಳನೆಯವಳು ನನ್ನ ಗೆಳತಿ ದಿಲ್ಶಾದ್. ಆರನೇ ತರಗತಿಯಿಂದ ನನ್ನ ಪಕ್ಕ ಕುಳಿತವಳು, ನನಗಿಂತ ಚೆನ್ನಾಗಿ ಓದುವವಳು.

ಸೋಮನಕಟ್ಟಿ ಸರ್ ಅವರಿಗೆ ಮೊದಲೇ ತಿಳಿಸಬೇಕೆಂದು ಅವಳೂ ನಾನೂ ಅವರ ಮನೆಗೆ ಹೋದೆವು. ಅವರು ನಿಯಮ ಓದಿದರು, ಮತ್ತೊಮ್ಮೆ ಓದಿದರು, ಕನ್ನಡಕ ತೆಗೆದು ಒರೆಸಿದರು.

"ನಾ ಮೂವತ್ತು ವರ್ಷ ಮಣಿ ಎಣಿಸೇನಿ. ಪಾಠ ಅಂದ್ರ ಒಂದಿನಾನೂ ಮಾಡಿಲ್ಲ ತಂಗಿ. ಏನರ ಕೇಳಿದ್ರ ನಂಗ ಬರದಿದ್ರ?"

"ಬರಂಗಿಲ್ಲ ಅನ್ರಿ ಸರ್," ಅಂದಳು ದಿಲ್ಶಾದ್. "ಅದನ್ನ ಹೇಳಿದ ಮಾಸ್ತರನ್ನ ನಾವು ಇನ್ನೂ ನೋಡಿಲ್ಲ."

ಅವರು ನಕ್ಕರು. ಹೆಂಡತಿಯನ್ನು ಕರೆದು ಚಹಾ ಮಾಡಲು ಹೇಳಿದರು. ಹಾಳೆಗಳಲ್ಲಿ ಓದಿದ ಚಹಾದಂಗಡಿ ಹೀಗೇ ಇದ್ದಿರಬಹುದೆಂದು ನನಗೆ ಅನಿಸಿತು.

ಇವತ್ತು ಕೊನೆಯ ಪರೀಕ್ಷೆ ಇತ್ತು. ನಾವು ಏಳು ಮಂದಿ ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂಡುವುದು, ಗಂಟೆ ಬಾರಿಸುವವರೆಗೆ ಏಳದಿರುವುದು ಎಂದು ಮಾತಾಗಿತ್ತು. ಆರು ಮಂದಿ ಕುಳಿತೆವು. ಅವ್ವ ಗೇಟಿನ ತನಕ ಬಂದು ನಿಂತಳು. ಬೈಯಲಿಲ್ಲ. "ಒಂದು ಮಣಿ ಯವ್ವಾ. ಒಂದ ತಾಸಿನ ಕೆಲಸ. ನನ್ನ ಸಲುವಾಗಿ ಎದ್ದು ಹೋಗು," ಅಂದಳು. ನಾನು ಏಳಲಿಲ್ಲ. ಕೊನೆಯ ಮಣಿ ಪೋಣಿಸಿ ಗಂಟು ಹಾಕಲು ಅವಳು ದಾರ ಸಿದ್ಧ ಮಾಡಿಕೊಂಡು ಬಂದಿದ್ದಳು. ಅದನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೋದಳು.

ಗಂಟೆಯಾದ ಮೇಲೆ ದಿಲ್ಶಾದ್ ಒಳಗಿನಿಂದ ಬಂದಳು. ಕೈಯಲ್ಲಿ ಕಂದು ಮಣಿ ಇತ್ತು.

"ಫಕೀರಿ, ನಮ್ಮ ಅಬ್ಬಾ ಗ್ವಾಡಿಗೆ ಮುಖ ಮಾಡಿ ಮಕ್ಕೊಂಡಿದ್ದ. ಮೂರು ದಿನ ಮಾತಾಡಿಲ್ಲ, ಉಂಡಿಲ್ಲ. ನಂಗ ಆಗಲಿಲ್ಲ."

"ಹ್ಞೂಂ," ಅಂದೆ.

"ಬೈ ನನಗ. ಎರಡು ಹೊಡಿ ಬೇಕಾದ್ರ. ಹಿಂಗ ನೋಡಬ್ಯಾಡ."

"ಸಿಟ್ಟಿಲ್ಲ ದಿಲ್ಲೂ. ಏನೂ ಅನಸವಲ್ದು."

ಅವಳು ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟೆ. ಬೇರೆ ಯಾರದೋ ಕೈಯಂತೆ ಕಂಡಿತು. ಅವಳು ನಮಗೆ ದ್ರೋಹ ಮಾಡಿದಳೆಂದು ನಾನು ಬರೆಯುವುದಿಲ್ಲ. ತಂದೆಯ ಊಟ ಮತ್ತು ಒಂದು ಕೊಠಡಿಯ ಬೀಗ, ಇವೆರಡನ್ನು ತಕ್ಕಡಿಗೆ ಹಾಕಿ ತೂಗು ಎಂದು ಹದಿನಾರರ ಹುಡುಗಿಗೆ ಹೇಳಿದವರು ಬೇರೆ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು. ನೀವೂ ಇದ್ದೀರಿ.

ಕಟ್ಟೆಯಿಂದ ನೇರವಾಗಿ ಸರ್ ಮನೆಗೆ ಹೋದೆ. ಅವರು ಬಾಗಿಲಲ್ಲೇ ಕೇಳಿದರು, "ಎಷ್ಟು ಮಂದಿ?" ಆರು ಎಂದೆ. ಅವರ ಮೇಜಿನ ಮೇಲೆ ಪುಸ್ತಕಗಳು ತೆರೆದುಕೊಂಡಿದ್ದವು, ಹಾಳೆಗಳ ನಡುವೆ ಕಡ್ಡಿ ಇಟ್ಟಿದ್ದರು. "ಆರು ಮಂದಿಗೆ ಬೀಗ ತೆಗಿಯಾಕ ಬರಂಗಿಲ್ಲ," ಅಂದರು. ಹಾಗಾದರೆ ಹೊರಗಿನ ಮೆಟ್ಟಿಲ ಮೇಲೆ ಕೂಡಲು ಬರುತ್ತದೆಯೇ ಎಂದು ಕೇಳಿದೆ. ಮೆಟ್ಟಿಲಿಗೆ ನಿಯಮವಿಲ್ಲ ಎಂದರು. ನೀವು ಬರುತ್ತೀರಾ ಎಂದು ಕೇಳಿದ್ದಕ್ಕೆ ಮೇಜಿನ ಕಡೆ ತಿರುಗಿ ನೋಡಿದರು. ಪುಸ್ತಕಗಳನ್ನು ಮುಚ್ಚಲಿಲ್ಲ.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಿಮಗೆ ಹೇಗೆ ತಲುಪುತ್ತದೋ ತಿಳಿಯದು. ತಲುಪಿದರೆ ನನ್ನ ಬೇಡಿಕೆ ಇಷ್ಟೇ. ಮಕ್ಕಳು ಹೈಸ್ಕೂಲಿನಲ್ಲಿ ಕ್ರೆಡಿಟ್ ಗಳಿಸುವುದನ್ನು ತಡೆಯಿರೆಂದು ನಾನು ಕೇಳುವುದಿಲ್ಲ. ಅದರಿಂದ ಉದ್ಧಾರವಾದ ಮನೆಯಲ್ಲಿ ಹುಟ್ಟಿದವಳು ನಾನು. 'ಬಯಸಿದರೆ' ಎಂಬ ಮಾತನ್ನು ಕಾಯಿರಿ. ಅದನ್ನು ಬಿಟ್ಟ ಹಾಳೆ ನಿಮ್ಮ ಕೈಗೆ ಬಂದರೆ, ಹಂಚಿದವರಿಗೇ ವಾಪಸು ಕೊಟ್ಟು ಎಲ್ಲಿ ಹೋಯಿತೆಂದು ಕೇಳಿ. ಯಾವ ಹೈಸ್ಕೂಲಿನಲ್ಲೂ ಗಳಿಸಲಾಗದ, ಕಾಲೇಜಿನೊಳಗೆ ಕುಳಿತೇ ಕಲಿಯಬೇಕಾದ ಪಾಠಗಳನ್ನು ಉಳಿಸಿ. ಎಷ್ಟು ಎಂದು ನೀವೇ ತೀರ್ಮಾನಿಸಿ. ಒಂದೂ ಉಳಿಯದಿದ್ದರೆ ಏನಾಗುತ್ತದೆಂದು ನಿಮಗೆ ಹೇಳಿದ್ದೇನೆ.

ನಮ್ಮ ಆರು ಮಂದಿಯ ಒಂದು ವರ್ಷ ಹೋಯಿತು. ಹೆದರಿಕೆಯಾಗುತ್ತಿದೆ ಎಂದು ಬರೆಯಬೇಕು, ಆಗುತ್ತಿಲ್ಲ. ಸರ್ ಬಂದರೂ ಸರಿ, ಬಾರದಿದ್ದರೂ ಸರಿ, ನಾವು ಹೋಗುತ್ತೇವೆ. ಕಾಲೇಜಿನ ಪಡಸಾಲೆಯ ಕೊನೆಯಲ್ಲಿ ಬಲಕ್ಕೆ ಒಂದು ಕೊಠಡಿ ಇದೆ. ಅದರ ಹೊರಬಾಗಿಲಿಗೆ ಕಲ್ಲಿನ ಮೆಟ್ಟಿಲುಗಳು. ನಿಮ್ಮ ಕಾಲದಲ್ಲಿ ಆ ಕೊಠಡಿಗೆ ಇನ್ನೂ ಬೀಗ ಬಿದ್ದಿಲ್ಲ. ನೀವು ಒಳಗೆ ಹೋಗಿ ಬೆಂಚಿನ ಮೇಲೆ ಕುಳಿತು ಏನಾದರೂ ಕೇಳಿ. ನಾವು ಬಾಗಿಲ ಈಚೆ ಇರುತ್ತೇವೆ. ಜುಲೈ ತಿಂಗಳ ಎರಡನೇ ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ.

ಫಕೀರವ್ವ ಹೊಸಮನಿ