ಬಲತೋಳಿನ ಅಳತೆ

ಭಾವನವರೇ,

ಅಕ್ಕ ಆರಾಮಾಗಿದ್ದಾಳೆ, ಅದನ್ನು ಮೊದಲು ಬರೆ ಎಂದು ಪಕ್ಕದಲ್ಲೇ ಕುಳಿತು ಕಾಯುತ್ತಿದ್ದಾಳೆ. ಎದೆಯ ಆಪರೇಷನ್ ಆದಮೇಲೆ ಊದಿದ ಆ ಕೈಯಲ್ಲಿ, ನೀರು ಹರಿಯುವ ನಾಳ ಒಂದಾದರೂ ಉಳಿದಿದ್ದರೆ ಮಾತ್ರ ರಿಪೇರಿ ಸಾಧ್ಯ, ಇಲ್ಲದಿದ್ದರೆ ನಾಳೆಯೇ ಊರಿಗೆ ಹೊರಡಿ ಎಂದು ಡಾಕ್ಟರಮ್ಮ ಹೇಳಿದ್ದರಲ್ಲ. ಇವತ್ತು ಅವಳ ಬೆರಳುಗಳ ಸಂದಿಗೆ ಹಸಿರು ಬಣ್ಣದ ಮದ್ದು ಚುಚ್ಚಿ, ದೀಪ ಆರಿಸಿ, ಕ್ಯಾಮೆರಾ ಹಿಡಿದರು. ಆ ಮದ್ದು ಸೂಸುವ ಬೆಳಕು ನಮ್ಮ ಕಣ್ಣಿಗೆ ಕಾಣುವುದಿಲ್ಲವಂತೆ. ಬರಿಗಣ್ಣಿಗೆ ಕೈ ಕೈಯಾಗಿಯೇ ಇತ್ತು. ಪರದೆಯ ಮೇಲೆ ಮಾತ್ರ ಹೊಳೆಯುವ ಎಳೆಯೊಂದು ಮಣಿಕಟ್ಟು ದಾಟಿ, ಮೊಣಕೈ ಹತ್ತಿರ ನಿಂತು, ಯೋಚಿಸಿದಂತೆ ಮಾಡಿ, ಮೇಲಕ್ಕೆ ಹೊರಟಿತು. ಕಣ್ಣೆದುರಿನದೂ ಪರದೆಯ ಮೇಲಿನದೂ ಒಂದೇ ಕೈ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಕ್ಕ, “ನೋಡೋ, ಆಯುಷ್ಯರೇಖೆ ಮೊಣಕೈ ದಾಟ್ತು. ನಿನ್ನ ಭಾವನಿಗೆ ಇನ್ನು ಬಿಡುಗಡೆ ಇಲ್ಲ,” ಎಂದಳು.

ಡಾಕ್ಟರಮ್ಮ ಆ ಎಳೆಯ ಜಾಡಿನಲ್ಲೇ ಅವಳ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದರು.

“ಸೊಟ್ಟ ಬಂತಲ್ಲಮ್ಮ. ನಮ್ಮನೆ ಟೈಲರ್ ಆಗಿದ್ರೆ ಸೀಮೆಸುಣ್ಣದಲ್ಲಿ ಒಂದೇ ಏಟಿಗೆ ಎಳೀತಿದ್ರು.”

“ನಾಳ ಸೊಟ್ಟಗೇ ಇದೆ, ನಾನೇನ್ಮಾಡ್ಲಿ? ನಾಳೆವರೆಗೆ ಇದನ್ನ ಅಳಿಸ್ಬೇಡಿ, ಸಾಕು.”

ನಾಳೆ ಬೆಳಿಗ್ಗೆ ಆಪರೇಷನ್. ಊತ ಪೂರ್ತಿ ಅಲ್ಲದಿದ್ದರೂ ಬಹುಪಾಲು ಇಳಿಯಬಹುದಂತೆ. ಎರಡು ವರ್ಷದಿಂದ ನೀವು ಅವಳ ರವಿಕೆಗಳ ಬಲತೋಳನ್ನು ಎರಡಿಂಚು ಹೆಚ್ಚು ಅಗಲವಿಟ್ಟು, ಯಾರಿಗೂ ಗೊತ್ತಾಗದಂತೆ ಹೊಲಿಯುತ್ತಿದ್ದೀರಿ. ಮಗಳ ಮದುವೆಗೆ ತಾನು ತೊಡಲೆಂದು ತೆಗೆದಿಟ್ಟ ರವಿಕೆ ಬಟ್ಟೆಗೆ ಮಾತ್ರ ಇನ್ನೂ ಕತ್ತರಿ ಹಾಕಬಾರದಂತೆ.

“ಅಳತೆ ನಾನೇ ಬಂದು ಕೊಡ್ತೀನಿ ಅಂತ ಬರಿ.”

ಬರೆದಿದ್ದೇನೆ. ಕಾಗದದಲ್ಲಿ ಜಾಗ ಮುಗಿಯಿತು.

ಭಾವಮೈದುನ